ಎರಡು ಸಾವಿರ ರೂಪಾಯಿಯಲ್ಲಿ ವರಮಹಾಲಕ್ಷ್ಮಿ ಅಲಂಕಾರ ಆಗುತ್ತಾ?

ಪ್ರಶ್ನೆ: ಮದುವೆಯಾದ ಮೇಲೆ ಇದು ನನ್ನ ಮೊದಲ ವರಮಹಾಲಕ್ಷ್ಮಿ ಹಬ್ಬ. ಬೆಂಗಳೂರಿನಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬಾರದು ಅಂತ ಓನರ್ ಹೇಳಿಬಿಟ್ಟಿದ್ದಾರೆ. ಹಬ್ಬಕ್ಕೆ ಊರಿಂದ ಅತ್ತೆ ಬರುತ್ತಿದ್ದಾರೆ. ಅಲಂಕಾರ ಮಾಡಿಕೊಡುವವರನ್ನು ವಿಚಾರಿಸಿದರೆ ಎಂಟು ಸಾವಿರ ಅಂದರು. ನನ್ನ ಹತ್ತಿರ ಇರುವುದು 2,000 ರೂಪಾಯಿ. ಅಷ್ಟರಲ್ಲಿ ಚೆನ್ನಾಗಿ ಮಾಡಬಹುದಾ? ಥರ್ಮಾಕೋಲ್ ಮಂಟಪ, ಪ್ಲಾಸ್ಟಿಕ್ ಹೂವಿನ ಹಾರ ತಂದುಬಿಡಲಾ? ದೇವಿಗೆ ಬೆಳ್ಳಿ ಮುಖ ಇಲ್ಲದಿದ್ದರೆ ಪರವಾಗಿಲ್ಲವಾ?

ಉತ್ತರ: 2,000 ಸಾಕು. ಆದರೆ ಅದನ್ನು ಮನೆತುಂಬ ಹರಡಿದರೆ ಸಾಲುವುದಿಲ್ಲ. ಕಿಟಕಿಗೊಂದು ಹಾರ, ಟಿವಿ ಮೇಲೊಂದು, ಅಡುಗೆಮನೆ ಬಾಗಿಲಿಗೊಂದು ಅಂತ ಹಂಚುತ್ತಾ ಹೋದರೆ ಎಲ್ಲ ಕಡೆಯೂ ಚೂರುಚೂರು ಆಗಿ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಅರಿಶಿನ ಕುಂಕುಮಕ್ಕೆ ಬರುವವರು ನೋಡುವುದು ಎರಡೇ ಜಾಗ, ಹೊಸ್ತಿಲು ಮತ್ತು ದೇವಿ ಕೂತ ಜಾಗ. ಹೊಸ್ತಿಲಿಗೆ ತೋರಣ, ರಂಗೋಲಿ ಸಾಕು. ಮಿಕ್ಕ ದುಡ್ಡೆಲ್ಲ ದೇವಿಯ ಸುತ್ತಲಿನ ಮೂರಡಿ ಅಗಲದ ಜಾಗಕ್ಕೇ ಹೋಗಲಿ. ಹಾಲ್‌ನ ಉಳಿದ ಭಾಗಕ್ಕೆ ಅಲಂಕಾರವೇ ಬೇಡ, ಜಾಗ ಖಾಲಿ ಮಾಡಿದರೆ ಆಯಿತು. ಚಪ್ಪಲಿ ಸ್ಟ್ಯಾಂಡ್, ಒಣಗಿಸಿದ ಬಟ್ಟೆ, ನೀರಿನ ಕ್ಯಾನ್, ಕೊರಿಯರ್ ಡಬ್ಬ ಎಲ್ಲವನ್ನೂ ಬೆಡ್‌ರೂಮಿಗೆ ತಳ್ಳಿ ಬಾಗಿಲು ಹಾಕಿಕೊಳ್ಳಿ. ಚಿಕ್ಕ ಮನೆಗೆ ಇದರಷ್ಟು ಕಳೆ ಕೊಡುವುದು ಬೇರೇನೂ ಇಲ್ಲ, ಖರ್ಚೂ ಇಲ್ಲ.

ಏನನ್ನಾದರೂ ಕೊಳ್ಳುವ ಮುಂಚೆ ಅತ್ತೆಗೆ ಒಂದು ಫೋನ್ ಮಾಡಿ. ಕೆಲವು ಮನೆಗಳಲ್ಲಿ ಕಲಶಕ್ಕೆ ನೀರು ತುಂಬುತ್ತಾರೆ, ಕೆಲವು ಕಡೆ ಅಕ್ಕಿ. ಕೆಲವರು ತೆಂಗಿನಕಾಯಿಗೆ ಮುಖ ಇಡುತ್ತಾರೆ, ಕೆಲವರು ಬರೀ ಕಲಶಕ್ಕೇ ಪೂಜೆ ಮಾಡುತ್ತಾರೆ. ವೀಳ್ಯದೆಲೆಯೋ ಮಾವಿನೆಲೆಯೋ ಅನ್ನುವುದೂ ಮನೆಯಿಂದ ಮನೆಗೆ ಬೇರೆ. “ಅತ್ತೆ, ನಮ್ಮನೇಲಿ ಹೇಗೆ ಮಾಡ್ತೀರಿ?” ಅಂತ ಕೇಳಿದರೆ ಅವರಿಗೂ ಖುಷಿ, ನಿಮಗೂ ಬೇಡದ್ದನ್ನು ತರುವುದು ತಪ್ಪುತ್ತದೆ. ದೇವಿಯ ಮುಖ ಅವರ ಬೀರುವಿನಲ್ಲೇ ಇದ್ದರೂ ಇರಬಹುದು. ಕೇಳದೇ ಅಂಗಡಿಗೆ ಓಡಬೇಡಿ.

ಈಗ ಮೊಳೆಯ ವಿಷಯ. ಹಿಂಬದಿಗೆ ಸೀರೆ ಇಳಿಬಿಡಲು ಮೊಳೆ ಯಾಕೆ ಬೇಕು? ನಿಮ್ಮ ಬೀರು ಹಾಲ್‌ನಲ್ಲಿದ್ದರೆ ಅದೇ ಮಂಟಪದ ಬೆನ್ನು. ಸೀರೆಯ ಒಂದು ತುದಿಯನ್ನು ಬೀರುವಿನ ಮೇಲೆ ಹಾಸಿ, ಅದರ ಮೇಲೆ ಅಕ್ಕಿ ಡಬ್ಬವೋ ದಪ್ಪ ಪುಸ್ತಕವೋ ಹೇರಿ, ಉಳಿದದ್ದನ್ನು ಕೆಳಗೆ ಬಿಡಿ. ಸೀರೆಯ ಅಗಲ ಸುಮಾರು 45 ಇಂಚು ಇರುವುದರಿಂದ ಬೀರುವಿನ ಬಾಗಿಲು ಪೂರ್ತಿ ಮುಚ್ಚುತ್ತದೆ. (ಹಬ್ಬಕ್ಕೆ ಉಡುವ ಬಟ್ಟೆಯನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಸೀರೆ ಇಳಿಬಿಟ್ಟ ಮೇಲೆ ಬೀರು ತೆಗೆಯಲಾಗುವುದಿಲ್ಲ, ಅದು ನೆನಪಾಗುವುದು ಸ್ನಾನ ಆದ ಮೇಲೆಯೇ!) ಬೀರು ಇಲ್ಲವೆಂದರೆ ಬಟ್ಟೆ ಒಣಗಿಸುವ ಸ್ಟೀಲ್ ಸ್ಟ್ಯಾಂಡ್ ಅನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಸೀರೆಗೆ ಬಟ್ಟೆ ಕ್ಲಿಪ್ ಹಾಕಿ. ಪರದೆಯ ಕಂಬಿ ಇದೆಯಲ್ಲ ಅಂತ ಕಿಟಕಿ ಮುಂದೆ ಮಾತ್ರ ದೇವಿಯನ್ನು ಕೂರಿಸಬೇಡಿ. ಹಗಲಲ್ಲಿ ಹಿಂದಿನಿಂದ ಬೆಳಕು ಬಿದ್ದು ದೇವಿಯ ಮುಖ ಕಪ್ಪಾಗಿ ಕಾಣುತ್ತದೆ, ಫೋಟೊದಲ್ಲಂತೂ ಏನೂ ಕಾಣುವುದಿಲ್ಲ.

ಹಿಂಬದಿಗೆ ಯಾವ ಸೀರೆ? ತುಂಬಾ ಡಿಸೈನ್ ಇರುವುದು ಬೇಡ. ಕಡು ಹಸಿರು, ಕುಂಕುಮ ಕೆಂಪು, ನೇರಳೆ, ಇವುಗಳಲ್ಲಿ ಸಾದಾ ಮೈ ಇರುವ, ಒಗೆದು ಇಸ್ತ್ರಿ ಮಾಡಿದ ಹತ್ತಿ ಸೀರೆಯಾದರೂ ನಡೆಯುತ್ತದೆ. ಹಿಂದೆ ಹೂಬಳ್ಳಿ, ಮುಂದೆ ಜರಿ, ಮೇಲೆ ಹಾರ ಅಂತಾದರೆ ಎಲ್ಲ ಒಂದರಲ್ಲೊಂದು ಕಲಸಿಹೋಗಿ ದೇವಿ ಎಲ್ಲಿದ್ದಾಳೆ ಅಂತ ಹುಡುಕಬೇಕಾಗುತ್ತದೆ. ದೇವಿಗೆ ಉಡಿಸುವ ಸೀರೆ ಮಾತ್ರ ಹೊಸದೇ ಇರಲಿ ಅನ್ನುವುದು ಹೆಚ್ಚಿನ ಮನೆಗಳ ಪದ್ಧತಿ. ಅದರ ದುಡ್ಡನ್ನು ಈ 2,000ದಲ್ಲಿ ಸೇರಿಸಬೇಡಿ. ಹೇಗೂ ಹಬ್ಬಕ್ಕೆ ನಿಮಗೊಂದು ಸೀರೆ ಬರುತ್ತದೆ ಅಲ್ವಾ? ಅದನ್ನೇ ಮೊದಲು ದೇವಿಗೆ ಉಡಿಸಿ, ಆಮೇಲೆ ನೀವು ಉಟ್ಟುಕೊಳ್ಳಿ. ಅದೂ ಇಲ್ಲದಿದ್ದರೆ ಒಂದು ಹೊಸ ರವಿಕೆ ಕಣ ಸಾಕು. ಚಿಕ್ಕ ಕಲಶಕ್ಕೆ ನೆರಿಗೆ ಹಿಡಿದು ಕಟ್ಟಿದರೆ ಅದೇ ಲಕ್ಷಣವಾಗಿರುತ್ತದೆ.

ಸೀರೆ ಉಡಿಸುವುದೇ ಎಲ್ಲರಿಗೂ ಭಯ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಣೆಯ ಮೇಲೆ ಒಂದು ಸ್ಟೀಲ್ ಡಬ್ಬ ಅಥವಾ ಬಿಂದಿಗೆ ಇಡಿ. ಒಳಗೆ ಅಕ್ಕಿಯೋ ಬೇಳೆಯೋ ತುಂಬಿರಲಿ, ಖಾಲಿ ಇದ್ದರೆ ಸೀರೆಯ ಭಾರಕ್ಕೆ ವಾಲುತ್ತದೆ. ಅದರ ಮೇಲೆ ಕಲಶ ಕೂರಬೇಕು. ಕಲಶದ ಕತ್ತಿನ ಕೆಳಗೆ ಒಂದು ಮರದ ಸ್ಕೇಲನ್ನು ಅಡ್ಡಡ್ಡ ಕಟ್ಟಿ, ಅದೇ ಭುಜ. ಈಗ ಸೀರೆಯನ್ನು ಅಗಲದಲ್ಲಿ ಎರಡು ಮಡಿಕೆ ಮಾಡಿ. ಪೂರ್ತಿ ಅರ್ಧಕ್ಕೆ ಬೇಡ, ಎರಡೂ ಅಂಚುಗಳು ಕೆಳಗೆ ಬಂದು ಒಂದಕ್ಕಿಂತ ಇನ್ನೊಂದು ನಾಲ್ಕು ಬೆರಳು ಮೇಲಿರಲಿ. ಮುಂದಿನಿಂದ ನೋಡಿದರೆ ಎರಡು ಸಾಲು ಅಂಚು ಕಾಣಬೇಕು. ಸೆರಗಿಗೆ ಒಂದು ಮೀಟರ್ ಬಿಟ್ಟು, ಮಿಕ್ಕಿದ್ದನ್ನೆಲ್ಲ ನಾಲ್ಕು ಬೆರಳಗಲದ ನೆರಿಗೆ ಹಿಡಿಯುತ್ತಾ ಹೋಗಿ. ಇದಕ್ಕೆ ಎರಡು ಜನ ಬೇಕು, ಯಜಮಾನರನ್ನು ಕೂರಿಸಿಕೊಳ್ಳಿ. ನೆರಿಗೆಯ ಮೇಲ್ತುದಿಗೆ ಬಟ್ಟೆ ಕ್ಲಿಪ್ ಹಾಕಿ, ದಾರದಿಂದ ಡಬ್ಬದ ಕತ್ತಿಗೆ ಬಿಗಿಯಾಗಿ ಕಟ್ಟಿ. ಆಮೇಲೆ ಕೆಳಗಿನಿಂದ ಒಂದೊಂದೇ ನೆರಿಗೆ ಬಿಡಿಸಿ ಬೀಸಣಿಗೆಯ ಹಾಗೆ ಹರಡಿ. ಸೆರಗನ್ನು ಸಣ್ಣ ನೆರಿಗೆ ಮಾಡಿ ಸ್ಕೇಲಿನ ಎಡತುದಿಯ ಮೇಲಿಂದ ಇಳಿಬಿಟ್ಟು, ನಡುವಿಗೆ ಒಂದು ಸರವೋ ಡಾಬೋ ಸುತ್ತಿದರೆ ಕಟ್ಟಿದ ದಾರವೂ ಮುಚ್ಚಿಹೋಗುತ್ತದೆ. ಜರಿಯ ಮೇಲೆ ಸೇಫ್ಟಿ ಪಿನ್ ಚುಚ್ಚಬೇಡಿ, ಎಳೆ ಕಿತ್ತುಬರುತ್ತದೆ. ಇದನ್ನು ಗುರುವಾರ ರಾತ್ರಿಯೇ ಮುಗಿಸಿಡಿ. ಶುಕ್ರವಾರ ಬೆಳಿಗ್ಗೆ ಕಲಶ ತುಂಬಿ, ಕಾಯಿ ಇಟ್ಟು ಪೂಜೆ ಮಾಡುವುದಷ್ಟೇ ಉಳಿದಿರಬೇಕು.

ಬೆಳ್ಳಿ ಮುಖ ಇಲ್ಲದಿದ್ದರೆ ಖಂಡಿತ ಪರವಾಗಿಲ್ಲ. ಅರಿಶಿನ ಹಚ್ಚಿದ ತೆಂಗಿನಕಾಯಿಗೆ ಕಣ್ಣು, ಮೂಗು, ಬಾಯಿ ಬರೆದು ಪೂಜೆ ಮಾಡುವುದು ಎಷ್ಟೋ ಮನೆಗಳ ಹಳೆಯ ರೂಢಿ. ಜುಟ್ಟಿರುವ, ಉರುಟಾದ ಕಾಯಿ ಆರಿಸಿ. ನಾರನ್ನು ನುಣ್ಣಗೆ ಕೆರೆದು ಅರಿಶಿನದ ಪೇಸ್ಟನ್ನು ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿ. ಒಂದೇ ಸಲ ದಪ್ಪಗೆ ಮೆತ್ತಿದರೆ ಒಣಗುವಾಗ ಬಿರುಕು ಬಿಡುತ್ತದೆ. ಮೂಗಿಗೆ ಅರಿಶಿನದ ಜೊತೆ ಚೂರು ಗೋಧಿ ಹಿಟ್ಟು ಕಲಸಿ ಅಂಟಿಸಿ. ಕಣ್ಣಿಗೆ ಕಾಡಿಗೆ, ತುಟಿಗೆ ಕುಂಕುಮ. ಕಣ್ಣನ್ನು ಮಾತ್ರ ಕೈ ನಡುಗದವರು ಬರೆಯಲಿ! ಮೂಗುತಿ, ಓಲೆ ನಿಮ್ಮ ಡಬ್ಬಿಯಲ್ಲಿರುವುದೇ ಸಾಕು. ಹೀಗೆ ಬರೆದ ಮುಖದಲ್ಲಿ ಅಂಗಡಿಯ ಜರ್ಮನ್ ಸಿಲ್ವರ್ ಮುಖಕ್ಕಿಂತ ಜಾಸ್ತಿ ಕಳೆ ಇರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅತ್ತೆಗೆ ಬರೆಯಲು ಬರುತ್ತದಾ ಕೇಳಿ ನೋಡಿ.

ದುಡ್ಡು ಸೋರಿಹೋಗುವುದು ಹೂವಿನಲ್ಲಿ. ಈ ಹಬ್ಬದ ಹಿಂದಿನ ದಿನ ಬೆಂಗಳೂರಿನಲ್ಲಿ ಹೂವಿನ ರೇಟು ಏರುವುದು ನಿಮಗೆ ಗೊತ್ತೇ ಇದೆ. ಕನಕಾಂಬರ ಕೆಜಿಗೆ 2,000 ರೂಪಾಯಿ ದಾಟಿದ ಹಬ್ಬಗಳೂ ಇವೆ, ಅಂದರೆ ನಿಮ್ಮ ಪೂರ್ತಿ ಬಜೆಟ್ಟು! ಅದನ್ನು ಈ ಸಲ ಮರೆತುಬಿಡಿ. ಹಬ್ಬ ಬರುವುದು ಶುಕ್ರವಾರ. ಗುರುವಾರ ಹೂವು ಕೊಳ್ಳುವವರೇ ಜಾಸ್ತಿ, ಹಾಗಾಗಿ ಅವತ್ತೇ ರೇಟೂ ಜಾಸ್ತಿ. ಚೆಂಡು ಹೂವು, ಸೇವಂತಿಗೆ ಎರಡು ಮೂರು ದಿನ ಬಾಡದೆ ನಿಲ್ಲುತ್ತವೆ. ಅವನ್ನು ಬುಧವಾರ ಬೆಳಿಗ್ಗೆಯೇ ತನ್ನಿ. ಮಲ್ಲಿಗೆ, ತಾವರೆ ಮಾತ್ರ ಗುರುವಾರಕ್ಕೆ ಇಟ್ಟುಕೊಳ್ಳಿ. ಕೆ.ಆರ್. ಮಾರ್ಕೆಟ್‌ಗೆ ಹೋಗುವುದಾದರೆ ಮೆಟ್ರೊ ಹಸಿರು ಮಾರ್ಗದಲ್ಲಿ ಮಾರ್ಕೆಟ್ ಹತ್ತಿರವೇ ಸ್ಟೇಷನ್ ಇದೆ. ಒಬ್ಬರಿಗೆ ಒಂದು ಕೆಜಿ ತರಲು ಅಷ್ಟು ದೂರ ಹೋಗುವುದು ದಂಡ. ಪಕ್ಕದ ಮನೆಯವರು, ಮೇಲಿನ ಮನೆಯವರು ಸೇರಿ ಐದಾರು ಕೆಜಿ ಒಟ್ಟಿಗೆ ತಂದು ಹಂಚಿಕೊಂಡರೆ ಗಿಟ್ಟುತ್ತದೆ. ಬಸವನಗುಡಿ, ಮಲ್ಲೇಶ್ವರದ ಕಡೆ ಇದ್ದರೆ ಗಾಂಧಿ ಬಜಾರ್, 8ನೇ ಕ್ರಾಸ್‌ನಲ್ಲೇ ಎಲ್ಲ ಸಿಗುತ್ತದೆ, ರೇಟು ಸ್ವಲ್ಪ ಮೇಲಿರುತ್ತದೆ ಅಷ್ಟೆ.

ಕಟ್ಟಿದ ಹಾರ ಕೊಳ್ಳಬೇಡಿ, ಬಿಡಿ ಹೂವು ತನ್ನಿ. ಹಾರದಲ್ಲಿ ನೀವು ಕೂಲಿಗೂ ದುಡ್ಡು ಕೊಡುತ್ತೀರಿ. ಆ ಕೂಲಿ ನ್ಯಾಯವಾದದ್ದೇ, ಆದರೆ ಈ ಬಜೆಟ್ಟಿಗೆ ಭಾರ. ಮಲ್ಲಿಗೆ ಕಟ್ಟಲು ಕೈ ಪಳಗಿರಬೇಕು, ಚೆಂಡು ಹೂವಿಗೆ ಅದೇನೂ ಬೇಡ. ಸೂಜಿ, ದಪ್ಪ ದಾರ ಇದ್ದರೆ ಮಕ್ಕಳೂ ಪೋಣಿಸುತ್ತಾರೆ. ಮೂರು ಚೆಂಡು ಹೂವು, ಆಮೇಲೆ ಮಡಚಿದ ಒಂದು ಮಾವಿನೆಲೆ, ಮತ್ತೆ ಮೂರು ಹೂವು. ಹೀಗೆ ಪೋಣಿಸಿದರೆ ಅಷ್ಟೇ ಹೂವಿಗೆ ಹಾರ ಉದ್ದವಾಗುತ್ತದೆ, ಹಳದಿಯ ನಡುವೆ ಹಸಿರು ಬಂದು ನೋಡಲೂ ಚೆಂದ. ಸೀರೆಯ ಮೇಲೆ ಹಾರಗಳನ್ನು ಅಡ್ಡಡ್ಡ ಕಟ್ಟುವುದಕ್ಕಿಂತ ಎರಡೂ ಪಕ್ಕಕ್ಕೆ ಉದ್ದುದ್ದ ಇಳಿಬಿಡಿ. ಮಧ್ಯೆ ಖಾಲಿ ಇರಲಿ, ಅಲ್ಲಿ ದೇವಿ ಎದ್ದು ಕಾಣಬೇಕು.

ಹೂವನ್ನು ಮನೆಗೆ ತಂದ ಮೇಲೆ ಕವರಿನಲ್ಲೇ ಬಿಡಬೇಡಿ. ಚೆಂಡು ಹೂವು ರಾಶಿ ಬಿದ್ದರೆ ಒಳಗೆ ಬಿಸಿಯಾಗಿ ಕೊಳೆಯಲು ಶುರುವಾಗುತ್ತದೆ. ಪೇಪರ್ ಮೇಲೆ ಹರಡಿ, ನೆರಳಲ್ಲಿಡಿ, ನೀರು ಚಿಮುಕಿಸಬೇಡಿ. ಮಲ್ಲಿಗೆ ಮೊಗ್ಗನ್ನು ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿಡಿ. ಫ್ರೀಜರ್ ಹತ್ತಿರ ಇಟ್ಟರೆ ಕಂದಿಹೋಗುತ್ತದೆ.

ಲಕ್ಷ್ಮಿಗೆ ತಾವರೆ ಇರಬೇಕು ಅಂತ ಎಲ್ಲರಿಗೂ ಆಸೆ. ಎರಡು ಮೊಗ್ಗು ಸಾಕು. ಕೊಂಡ ಮೊಗ್ಗು ತಾನಾಗಿ ಅರಳುವುದು ಕಡಿಮೆ. ಕೈಯಲ್ಲಿ ಬಿಡಿಸಬೇಕು. ಹೊರಗಿನ ಒಂದು ಎಸಳನ್ನು ಹಿಡಿದು, ತುದಿಯನ್ನು ಒಳಕ್ಕೆ ಮಡಚಿ ಬುಡದ ಕಡೆ ಸಿಕ್ಕಿಸಿ. ಹಾಗೇ ಸುತ್ತಲಿನ ಎಸಳನ್ನೆಲ್ಲ ಒಂದಾದ ಮೇಲೊಂದು ಮಡಚುತ್ತಾ ಒಳಗಿನ ಸುತ್ತಿಗೆ ಹೋಗಿ. ಕೊನೆಗೆ ನಡುವಿನ ಹಳದಿ ಕಾಣುವಾಗ ನಿಲ್ಲಿಸಿ. ಮುಷ್ಟಿಯೊಳಗೆ ಹಿಡಿಯುತ್ತಿದ್ದ ಮೊಗ್ಗು ಅಂಗೈ ತುಂಬುತ್ತದೆ. ಮಡಚಿದ ಗೆರೆ ಕೆಲವು ಗಂಟೆಗಳಲ್ಲೇ ಕಪ್ಪಾಗತೊಡಗುತ್ತದೆ. ಆದ್ದರಿಂದ ಈ ಕೆಲಸ ಶುಕ್ರವಾರ ಬೆಳಿಗ್ಗೆ ಪೂಜೆಗೆ ಸ್ವಲ್ಪ ಮುಂಚೆ. ಅಲ್ಲಿಯವರೆಗೆ ಮೊಗ್ಗಿನ ದಂಟು ನೀರಿನಲ್ಲಿರಲಿ.

ದೇವಿಯ ಎರಡು ಪಕ್ಕಕ್ಕೆ ಬಾಳೆ ಕಂದು ಒಂದು ಜೊತೆ. ಮಣೆ ಇಟ್ಟ ಮೇಜಿನ ಕಾಲಿಗೆ ಕಟ್ಟಿದರೆ ಮುಗಿಯಿತು, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ. ನನ್ನನ್ನು ಕೇಳಿದರೆ, ಕೊಟ್ಟ ದುಡ್ಡಿಗೆ ಇದರಷ್ಟು ಜಾಗ ತುಂಬುವ ಬೇರೆ ವಸ್ತು ಇಲ್ಲ.

ಇನ್ನು ಹಿತ್ತಾಳೆ. ಇರುವ ದೀಪ, ತಟ್ಟೆ, ಗಂಟೆ, ಚೊಂಬು ಎಲ್ಲವನ್ನೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ. ತೊಳೆದ ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ, ನೀರು ತಾನಾಗಿ ಆರಿದರೆ ಕಲೆ ನಿಲ್ಲುತ್ತದೆ. ಉಳಿದ ಒಂದು ದೊಡ್ಡ ಹಿತ್ತಾಳೆ ತಟ್ಟೆಯನ್ನು ದೀಪದ ಹಿಂದೆ ನಿಲ್ಲಿಸಿ ನೋಡಿ. ಒಂದು ದೀಪದ ಬೆಳಕು ಎರಡರಷ್ಟಾಗುತ್ತದೆ. ಸೀರಿಯಲ್ ಲೈಟ್ ಬೇಕೆಂದರೆ ಒಂದೇ ಎಳೆ, ಒಂದೇ ಬಣ್ಣ, ಮಿಣುಕದೆ ಉರಿಯುವ ಹಳದಿ ಎಲ್ಇಡಿ. ಅದನ್ನು ಸೀರೆಯ ಹಿಂದೆ ಇಳಿಬಿಡಿ, ಬಲ್ಬು ಕಾಣದೆ ಬೆಳಕು ಮಾತ್ರ ಬರಲಿ. ಕೆಂಪು ಹಸಿರು ನೀಲಿ ಮಿಣಮಿಣ ಅನ್ನುವ ಲೈಟ್ ಇದ್ದರೆ ಎಣ್ಣೆ ದೀಪ ಕಾಣುವುದೇ ಇಲ್ಲ. ಎಣ್ಣೆ ದೀಪ ಸೀರೆಯ ನೆರಿಗೆಯಿಂದ ಎರಡಡಿಯಾದರೂ ದೂರ ಇರಬೇಕು. ಮಲಗುವ ಮುಂಚೆ ಫ್ಯಾನ್ ಹಾಕುವವರಿದ್ದರೆ ಇನ್ನೂ ದೂರ ಇಡಿ.

ಬಾಗಿಲ ತೋರಣಕ್ಕೆ ಬಲಿತ ಮಾವಿನೆಲೆ ತನ್ನಿ. ಕೆಂಪನೆಯ ಚಿಗುರು ನೋಡಲು ಚೆಂದ, ಆದರೆ ಮಧ್ಯಾಹ್ನದೊಳಗೆ ಜೋತುಬೀಳುತ್ತದೆ. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತೊಟ್ಟಿನ ಕಡೆಯನ್ನು ದಾರದ ಮೇಲೆ ಮಡಚಿ, ಪೊರಕೆ ಕಡ್ಡಿಯ ಚೂರಿನಿಂದ ಚುಚ್ಚಿದರೆ ಆಯಿತು. ಹೊಸ ಪೊರಕೆಯ ಕಡ್ಡಿ ಅಂತ ಹೇಳಬೇಕಿಲ್ಲ ತಾನೆ? ಬಾಗಿಲ ಚೌಕಟ್ಟಿನಲ್ಲಿ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಮೊಳೆ ಇದ್ದೇ ಇರುತ್ತದೆ, ಹುಡುಕಿ. ಇಲ್ಲದಿದ್ದರೆ ಅಂಟಿಸುವ ಹುಕ್ ಎರಡು ಸಾಕು, ತೋರಣಕ್ಕೆ ಭಾರವೇನಿಲ್ಲ.

ರಂಗೋಲಿಗೆ 7 ಚುಕ್ಕಿಯಿಂದ 4ರವರೆಗೆ ಇಡುಕು ಚುಕ್ಕಿ (ಹಿಂದಿನ ಸಾಲಿನ ಎರಡೆರಡು ಚುಕ್ಕಿಯ ನಡುವೆ ಒಂದೊಂದು) ಇಟ್ಟರೆ ಫ್ಲ್ಯಾಟ್ ಬಾಗಿಲಿಗೆ ಹದವಾದ ಅಳತೆ. ನುಣುಪು ಟೈಲ್ಸ್ ಮೇಲೆ ಪುಡಿ ನಿಲ್ಲುವುದಿಲ್ಲ, ಗಾಳಿಗೂ ಹಾರುತ್ತದೆ. ಅಕ್ಕಿ ಹಿಟ್ಟನ್ನು ನೀರಲ್ಲಿ ಕಲಸಿ ಬೆರಳಲ್ಲಿ ಎಳೆದರೆ ಒಣಗಿ ಗಟ್ಟಿಯಾಗಿ ಕೂರುತ್ತದೆ. ಸುತ್ತ ಕೆಮ್ಮಣ್ಣಿನ ಅಂಚು ಎಳೆಯುವ ಮುಂಚೆ ಮೂಲೆಯಲ್ಲಿ ಚೂರು ಹಚ್ಚಿ, ಒರೆಸಿದರೆ ಹೋಗುತ್ತದಾ ನೋಡಿ. ಬಿಳಿ ಮಾರ್ಬಲ್ ನೆಲಕ್ಕೆ ಒದ್ದೆ ಅರಿಶಿನ, ಕುಂಕುಮ ಮಾತ್ರ ತಾಗಿಸಲೇಬೇಡಿ. ಕಲೆ ಸುಲಭಕ್ಕೆ ಹೋಗುವುದಿಲ್ಲ, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ.

ಥರ್ಮಾಕೋಲ್ ಮಂಟಪ ಬೇಡ. ಅಲಂಕಾರಕ್ಕೆ ಥರ್ಮಾಕೋಲ್ ತಯಾರಿಸುವುದು, ಮಾರುವುದು, ಬಳಸುವುದು ಎಲ್ಲಕ್ಕೂ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ. ಅಂಗಡಿಯಲ್ಲಿ ಸಿಕ್ಕರೂ ತರಬೇಡಿ. ಎಣ್ಣೆ ದೀಪದ ಪಕ್ಕದಲ್ಲಿ ಅದು ಅಪಾಯ ಕೂಡ, ಬೆಂಕಿ ತಾಗಿದರೆ ಕರಗಿ ತೊಟ್ಟಿಕ್ಕುತ್ತಾ ಉರಿಯುತ್ತದೆ. ಪ್ಲಾಸ್ಟಿಕ್ ಹೂವಿನ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಲ್ಲ. ನಿಮ್ಮ ಹತ್ತಿರ ಈಗಾಗಲೇ ಇದ್ದರೆ ತೊಳೆದು ಹಿಂಬದಿಯ ಮೇಲ್ತುದಿಗೆ ಹಾಕಿ, ಅಷ್ಟು ಎತ್ತರದಲ್ಲಿ ಯಾರೂ ಮುಟ್ಟಿ ನೋಡುವುದಿಲ್ಲ. ದುಡ್ಡು ಕೊಟ್ಟು ಹೊಸದಾಗಿ ತರುವುದು ಬೇಡ. ದೇವಿಯ ಮೈಮೇಲೆ, ಪಾದದ ಹತ್ತಿರ ನಿಜವಾದ ಹೂವೇ ಇರಲಿ. ಮಲ್ಲಿಗೆಯ ಘಮ ಇಲ್ಲದೆ ಅದೆಂಥ ಹಬ್ಬ?

ಲೆಕ್ಕ ಹೀಗೆ ಇಟ್ಟುಕೊಳ್ಳಿ. ಹೂವಿಗೆ 900, ಬಾಳೆ ಕಂದು ಮಾವಿನೆಲೆಗೆ 200, ಲೈಟಿಗೆ 250, ರಂಗೋಲಿ, ದಾರ, ಕ್ಲಿಪ್, ಹುಕ್‌ಗೆ 150. ಇದು 1,500 ಆಯಿತು. ಮಿಕ್ಕ 500ನ್ನು ಮುಟ್ಟಬೇಡಿ. ಗುರುವಾರ ಮಲ್ಲಿಗೆ ರೇಟು ಕೇಳಿದ ಮೇಲೆ ಅದರ ಅವಶ್ಯಕತೆ ಗೊತ್ತಾಗುತ್ತದೆ. ಹಣ್ಣು, ತಾಂಬೂಲ, ನೈವೇದ್ಯದ ಖರ್ಚು ಇದರಲ್ಲಿ ಸೇರಿಲ್ಲ, ಅದು ಅಡುಗೆಮನೆ ಲೆಕ್ಕ. ಆದರೆ ಹಣ್ಣನ್ನೂ ಅಲಂಕಾರಕ್ಕೆ ದುಡಿಸಿಕೊಳ್ಳಿ. ಹೇಗೂ ಐದು ಬಗೆಯ ಹಣ್ಣು ತರುತ್ತೀರಿ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ತುಂಬಿಡುವ ಬದಲು ಬಾಳೆ ಎಲೆಯ ಮೇಲೆ ಬಗೆಬಗೆಯಾಗಿ ಜೋಡಿಸಿ ದೇವಿಯ ಮುಂದೆ ಎರಡು ಪಕ್ಕಕ್ಕೆ ಇಟ್ಟರೆ ಹೂವು ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ.

ಶನಿವಾರ ಕಲಶ ಕದಲಿಸಿದ ಮೇಲೆ ಲೈಟು, ಕ್ಲಿಪ್ಪು, ಹುಕ್ಕು, ಹಿಂಬದಿಯ ಸೀರೆ ಎಲ್ಲವನ್ನೂ ಒಂದೇ ಡಬ್ಬಕ್ಕೆ ಹಾಕಿಡಿ. ವರಮಹಾಲಕ್ಷ್ಮಿ ಬರುವುದು ಶ್ರಾವಣ ಹುಣ್ಣಿಮೆಯ ಮುಂಚಿನ ಶುಕ್ರವಾರ. ಅಲ್ಲಿಂದ ಮೂರು ನಾಲ್ಕು ವಾರಕ್ಕೆ ಗೌರಿ ಗಣೇಶ. ಆಗ ಸೀರೆ ಬದಲಿಸಿದರೆ ಸಾಕು, ಮಿಕ್ಕದ್ದೆಲ್ಲ ಅದೇ. ಹೂವಿನ ಖರ್ಚನ್ನೂ ಇಳಿಸಬೇಕೆಂದರೆ ಉತ್ತರ ಕನ್ನಡದವರ ಹಾಗೆ ಫಲಾವಳಿ ಕಟ್ಟಿ. ಗಣಪನ ಮೇಲೆ ಒಂದು ಮರದ ಚೌಕಟ್ಟು, ಅದರಿಂದ ಸೌತೆಕಾಯಿ, ಹೀರೇಕಾಯಿ, ಹಾಗಲಕಾಯಿ, ಮುಸುಕಿನ ಜೋಳ, ಮೋಸಂಬಿ, ಬಾಳೆಗೊನೆಯ ಚಿಪ್ಪು ಎಲ್ಲ ತೂಗುತ್ತಿರುತ್ತವೆ. ಮೊಳೆ ಇಲ್ಲದ ನಿಮ್ಮ ಮನೆಗೆ ಬಟ್ಟೆ ಒಣಗಿಸುವ ಸ್ಟ್ಯಾಂಡೇ ಚೌಕಟ್ಟು. ತೊಟ್ಟು ಇರುವ ಕಾಯಿ ಆರಿಸಿ, ದಾರ ಕಟ್ಟಲು ಹಿಡಿತ ಬೇಕು. ಭಾರದ್ದನ್ನು ಕಾಲುಗಳ ಹತ್ತಿರ, ಹಗುರದ್ದನ್ನು ನಡುವೆ ಕಟ್ಟಿ. ಗಣಪನನ್ನು ಬಿಟ್ಟ ಮಾರನೇ ದಿನ ಹೀರೇಕಾಯಿ ಬಜ್ಜಿ ಮಾಡಿಕೊಳ್ಳಿ.